ಬೆಳ್ಳಕ್ಕಿಯ ಬಲಕ್ಕೆ ಇನ್ನೊಂದು ಹಡಗು

ತೀರ್ಥಹಳ್ಳಿ
೩ ಜೂನ್ ೨೦೨೪

ಅಣ್ಣ,

ನಿನ್ನ ವಿಳಾಸ ಕೊಟ್ಟವರು ಯಮುನಮ್ಮ. ಸಾಗರದಲ್ಲಿ ನಿಮ್ಮ ಸಂಘದ ಮುನಿಗಳಿಗೆ ಆಹಾರ ಸಿದ್ಧಮಾಡುವವರು, ಅಮ್ಮನ ಕಡೆಯಿಂದ ದೂರದ ನೆಂಟರು. ಕಳೆದ ತಿಂಗಳು ಒಂದು ಮದುವೆಯಲ್ಲಿ ಸಿಕ್ಕಿದ್ದರು. "ನಿಮ್ಮಣ್ಣ ತುಂಬಾ ಇಳ್ದಿದಾರೆ. ಆದ್ರೆ ಮುಖ ಮಾತ್ರ ತಿಳಿ ಆಗಿದೆ" ಎಂದರು. ಈಗ ನೀವೆಲ್ಲ ಹೊಸನಗರದ ಕಡೆ ನಡೆಯುತ್ತಿದ್ದೀರಂತೆ, ಅಲ್ಲಿಯ ಬಸದಿಗೆ ಬರೆದರೆ ತಲುಪುತ್ತದಂತೆ. ನೀನು ಜೋಗದ ಪವರ್ ಹೌಸಿನ ಕೆಲಸ ಬಿಟ್ಟು ಆರು ವರ್ಷ, ಫೋನ್ ಬಿಟ್ಟು ಎರಡು ವರ್ಷ. ಕಾಗದ ಬರೆಯುವುದೇ ನನಗೆ ಮರೆತಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಾವು ಚೆನ್ನಾಗಿದ್ದೇವೆ. ನಿನ್ನ ಭಾವ ಸನ್ಮತಿಯವರ ಮೆಡಿಕಲ್ ಶಾಪ್ ನಡೆಯುತ್ತಿದೆ. ಅದರ ಪಕ್ಕದಲ್ಲಿ ನನ್ನ ಬೋರ್ಡು, ಸ್ಟಿಕ್ಕರು, ಲಗ್ನಪತ್ರಿಕೆಯ ಅಂಗಡಿಯೂ ನಡೆಯುತ್ತಿದೆ. ಶ್ರಾವ್ಯಾ ಪಿಯುಸಿ ಎರಡನೇ ವರ್ಷ.

ವಿಷಯಕ್ಕೆ ಬರುತ್ತೇನೆ. ನಾನು ಬೆಳ್ಳಕ್ಕಿಯನ್ನು ಕಟ್ಟುತ್ತಿದ್ದೇನೆ.

ನೆನಪಿದೆಯಲ್ಲ? ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿದ್ದ ಆ ಕಾರ್ಟೂನು. ನನಗೆ ಏಳು, ನಿನಗೆ ಹನ್ನೆರಡು. ಅಪ್ಪ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದಾಗ ಹೊಸನಗರದ ಆಚೆ ನಾವಿದ್ದ ಕ್ವಾರ್ಟರ್ಸ್, ಹದಿನಾಲ್ಕು ಇಂಚಿನ ಕಪ್ಪುಬಿಳುಪು ಟೀವಿ. ಹಡಗಿನ ಹೆಸರು ಏನೋ ವಿದೇಶಿಯದು. ಉದ್ದ ಕತ್ತಿನ ಬಿಳಿ ಹಡಗಾದ್ದರಿಂದ ನಾವು ಬೆಳ್ಳಕ್ಕಿ ಅಂದೆವು. ಅಂಥ ಹಳೆಯ ಕಾರ್ಟೂನುಗಳ ಆಕಾಶಹಡಗುಗಳನ್ನು ಕಂಪ್ಯೂಟರಿನಲ್ಲಿ ತ್ರಿಡಿ ಮಾದರಿಯಾಗಿ ಕಟ್ಟುವ ಅಭಿಮಾನಿಗಳು ಪ್ರಪಂಚದ ತುಂಬ ಇದ್ದಾರೆ. ಎಲ್ಲ ಸೇರಿ ಒಂದು ಸಂಗ್ರಹ ನಡೆಸುತ್ತಾರೆ. ಅದನ್ನು ನೋಡಿಕೊಳ್ಳುವವರು ಪೋಲೆಂಡಿನ ಒಬ್ಬ ನಿವೃತ್ತ ರೈಲ್ವೆ ನಕ್ಷೆಗಾರ. ಬಹಳ ಕಟ್ಟುನಿಟ್ಟು. ಒಂದು ಕಿಟಕಿ ಇಟ್ಟರೂ ಅದು ಯಾವ ಕಂತಿನ ಯಾವ ಚಿತ್ರದಲ್ಲಿ ಕಂಡಿತು ಎಂದು ಬರೆಯಬೇಕು. ಕೈಯಲ್ಲಿ ಬಿಡಿಸಿದ ಕಾರ್ಟೂನಾದ್ದರಿಂದ ಒಂದು ಕಡೆ ಹನ್ನೊಂದು ಕಿಟಕಿ, ಇನ್ನೊಂದು ಕಡೆ ಒಂಬತ್ತು. ಎರಡು ವರ್ಷದಿಂದ ಇದೇ ಕೆಲಸ.

ತೊಡಕು ಒಂದೇ. ಬೆಳ್ಳಕ್ಕಿಯ ಬಲಗಡೆ ಇನ್ನೊಂದು ಹಡಗು ಇರುತ್ತಿತ್ತಲ್ಲ, ತೆಳ್ಳಗೆ, ಮಸುಕಾಗಿ, ಜೊತೆಜೊತೆಗೇ ಹೋಗುತ್ತಿದ್ದದ್ದು? ಅದು ಯಾವ ದೇಶದವರಿಗೂ ನೆನಪಿಲ್ಲ. ಅಂಥದ್ದು ಇರಲೇ ಇಲ್ಲ ಎನ್ನುತ್ತಾರೆ. ಆದರೆ ಒಂದೊಂದು ದೇಶಕ್ಕೆ ಒಂದೊಂದು ರೀತಿಯ ಪ್ರತಿ ಹೋಗಿತ್ತು, ಕೆಲವು ಕಳೆದೂ ಹೋಗಿವೆ. ಅದಕ್ಕೇ ಅವರಲ್ಲಿ ಒಂದು ನಿಯಮವಿದೆ. ಆಗ ನೋಡಿದ ಇಬ್ಬರು ಸಾಕ್ಷಿ ಬರೆದು ಸಹಿ ಮಾಡಿಕೊಟ್ಟರೆ ಸೇರಿಸುತ್ತಾರೆ. ಅಕ್ಟೋಬರ್ ಮೂವತ್ತೊಂದು ಕೊನೆ ದಿನ. ಒಂದು ಸಾಕ್ಷಿ ನಾನು. ಇನ್ನೊಂದು ನೀನೇ, ಪ್ರತಿ ವಾರ ನನ್ನ ಪಕ್ಕದಲ್ಲೇ ಕೂತು ನೋಡಿದವನು. ಎರಡು ಸಾಲು ಬರೆದು ಕಳಿಸು.

ಚಾತುರ್ಮಾಸ ಮುಗಿದ ಮೇಲೆ ನಿನ್ನ ದೀಕ್ಷೆ ಎಂದೂ ಯಮುನಮ್ಮ ಏನೋ ಹೇಳುತ್ತಿದ್ದರು. ಜನ ಏನಾದರೂ ಹೇಳುತ್ತಾರೆ.

ನಿನ್ನ ತಂಗಿ
ಜ್ವಾಲಾಮಾಲಿನಿ


ಹೊಸನಗರ
೨೧ ಜೂನ್ ೨೦೨೪

ತಂಗಿ ಜ್ವಾಲಾಗೆ, ಜಯ ಜಿನೇಂದ್ರ.

ಕಾಗದ ತಲುಪಿತು. ಆಹ್ವಾನಪತ್ರಿಕೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನನ್ನದು ಎಂದು ಹಾಳೆ ಇಟ್ಟುಕೊಳ್ಳುವುದಿಲ್ಲ.

ಬರಿಗಾಲ ನಡಿಗೆ ಅಭ್ಯಾಸವಾಗಿದೆ. ಬೆಳಿಗ್ಗೆ ಮಂಜು ಎಷ್ಟು ದಟ್ಟವೆಂದರೆ ಮುಂದೆ ಹೋಗುವ ಗುರುಗಳ ಹಿಮ್ಮಡಿ ಮಾತ್ರ ಕಾಣುತ್ತದೆ. ಅದನ್ನು ನೋಡಿಕೊಂಡು ನಡೆದರೆ ಊರು ಬರುತ್ತದೆ.

ನೀನು ಕೇಳಿದ ಎರಡು ಸಾಲು ಬರೆಯಲಾರೆ. ಕಳೆದ ವರ್ಷ ಅನುಮತಿ ತ್ಯಾಗದ ವ್ರತ ಹಿಡಿದೆ. ಲೌಕಿಕದ ಕೆಲಸಗಳಲ್ಲಿ ಮಾಡಿ ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ, ಚೆನ್ನಾಗಿದೆ ಎಂದೂ ಹೇಳುವಂತಿಲ್ಲ. ಇದು ಮೇಲಿನಿಂದ ಕಾಣುವಷ್ಟು ಸುಲಭವಲ್ಲ. ಇಲ್ಲಿಯ ಬಸದಿಯ ಗೇಟಿಗೆ ಯಾವ ಬಣ್ಣ ಹೊಡೆಯಲಿ ಎಂದು ಒಬ್ಬರು ಕೇಳಿದರು. ನಾನು ಸುಮ್ಮನಿದ್ದೆ. ಅವರ ಕೈಯಲ್ಲಿ ಆಗ ನೀಲಿ ಡಬ್ಬ ಇತ್ತು. ಗೇಟು ಈಗ ನೀಲಿಯಾಗಿದೆ, "ಸ್ವಾಮಿಗಳೇ ಒಪ್ಪಿದಾರೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಯಮುನಮ್ಮ ಹೇಳಿದ್ದು ಬರೀ ಮಾತಲ್ಲ. ಚಾತುರ್ಮಾಸ ಸಾಗರದಲ್ಲಿ. ಅದು ಮುಗಿದ ಮೇಲೆ ಕ್ಷುಲ್ಲಕ ದೀಕ್ಷೆ ಕೊಡಬಹುದು ಎಂದು ಗುರುಗಳು ಹೇಳಿದ್ದಾರೆ, ಮುನಿಯಾಗುವ ದಾರಿಯ ಮೆಟ್ಟಿಲು ಅದು, ಅಲ್ಲಿಗೆ ಹಳೆಯ ಹೆಸರೂ ಬಿಡುತ್ತದೆ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು, ಸಭೆಯಲ್ಲಿ ಎಲ್ಲರೆದುರು. ಅಪ್ಪ ಅಮ್ಮ ಇಲ್ಲ. ನನಗೆ ಸಂಸಾರವಿಲ್ಲ. ನಮ್ಮ ಮನೆ ಎಂದರೆ ಈಗ ನೀನೊಬ್ಬಳೇ.

ಯೋಚಿಸಿ ಬರೆ.

ಆದಿರಾಜ


ತೀರ್ಥಹಳ್ಳಿ
೨ ಜುಲೈ ೨೦೨೪

ಅಣ್ಣ,

ನಾನು ಕೇಳಿದ್ದು ಅನುಮತಿಯಲ್ಲ, ಸಾಕ್ಷಿ. ಕಟ್ಟಲಾ ಬೇಡವಾ ಎಂದು ಕೇಳಿಲ್ಲ. ಕಂಡಿತ್ತೋ ಇಲ್ಲವೋ ಎಂದು ಕೇಳಿದ್ದೇನೆ. ಕಂಡಿದ್ದನ್ನು ಕಂಡೆ ಎನ್ನಲು ಯಾವ ವ್ರತ ಅಡ್ಡ ಬರುತ್ತದೆ? ನಿನಗೆ ಸತ್ಯದ ವ್ರತವೂ ಇದೆಯಲ್ಲ.

ಗೇಟಿನ ಕಥೆ ಓದಿ ಶ್ರಾವ್ಯಾ ಬಿದ್ದು ಬಿದ್ದು ನಕ್ಕಳು. "ಮಾಮ ಸುಮ್ನಿದ್ರೆ ಹೌದು ಅಂತಾನೇ ಅರ್ಥ ಅಮ್ಮ. ನೀನೂ ನೀಲಿ ಹೊಡ್ದುಬಿಡು" ಎಂದಳು. ಸನ್ಮತಿಯವರದು ದಿನಾ ಒಂದೇ ಪ್ರಶ್ನೆ, ಊಟಕ್ಕೆ ಕೂತಾಗ: "ನಿನ್ನ ಹಡಗು ಎಲ್ಲಿಗೆ ಮುಟ್ತು ಮಾರಾಯ್ತಿ?"

ಮಧ್ಯಾಹ್ನ ಅಂಗಡಿಗೆ ಯಾರೂ ಬರುವುದಿಲ್ಲ. ಶಿಲ್ಪಶ್ರೀ, ನನ್ನ ಅಂಗಡಿಯ ಹುಡುಗಿ, ಊಟಕ್ಕೆ ಹೋಗಿರುತ್ತಾಳೆ. ಆಗ ಫೈಲ್ ತೆಗೆಯುತ್ತೇನೆ. ಪರದೆಯ ತುಂಬ ಕಪ್ಪು, ಅದರ ನಡುವೆ ಅದು. ಮೌಸ್ ಮೆಲ್ಲಗೆ ಎಳೆದರೆ ಹಡಗು ನನ್ನ ಕಡೆ ಕತ್ತು ತಿರುಗಿಸುತ್ತದೆ. ಹಿಂದೆ ಹೋಗಿ ನೋಡಬಹುದು, ಹೊಟ್ಟೆಯ ಕೆಳಗೆ ಹೋಗಬಹುದು, ಕಿಟಕಿಯಿಂದ ಒಳಗೆ ನುಗ್ಗಿದರೆ ಏನೂ ಇಲ್ಲ, ಬರೀ ಬೂದು. ಒಳಗಡೆ ನಾನು ಕಟ್ಟಿಲ್ಲವಲ್ಲ. ಬೀದಿಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತದೆ, ನನಗೆ ಬಹಳ ದೂರದಲ್ಲೆಲ್ಲೋ ಕೇಳಿದ ಹಾಗೆ. ಎಷ್ಟೋ ಸಲ ಗಿರಾಕಿ ಬಂದು ಗಾಜು ಬಡಿದ ಮೇಲೇ ನಾನು ತೀರ್ಥಹಳ್ಳಿಗೆ ಇಳಿಯುವುದು.

ಎರಡನೆಯ ಹಡಗನ್ನು ಅದೇ ಆಕಾರದಲ್ಲಿ ಮಾಡಿ, ಮಂಜಿನ ಹಾಗೆ ಪಾರದರ್ಶಕ ಮಾಡಿದ್ದೇನೆ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಇದರ ಜೊತೆ ಇಟ್ಟಿದ್ದೇನೆ. ನೋಡು. ನಡುವಿನ ಅಂತರ ಸರಿಯಿದೆಯಾ ಅಷ್ಟಾದರೂ ಹೇಳು.

ಉಳಿದ ವಿಷಯ ಆಮೇಲೆ.

ಜ್ವಾಲಾ


ಸಾಗರ
೨೪ ಜುಲೈ ೨೦೨೪

ತಂಗಿಗೆ, ಜಯ ಜಿನೇಂದ್ರ.

ಶನಿವಾರದಿಂದ ಚಾತುರ್ಮಾಸ ಆರಂಭವಾಯಿತು. ಇನ್ನು ನಾಲ್ಕು ತಿಂಗಳು ಇಲ್ಲೇ, ಊರು ಬಿಟ್ಟು ಹೋಗುವಂತಿಲ್ಲ.

ಚಿತ್ರವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ.

ದೀಕ್ಷೆಯ ದಿನ ನವೆಂಬರ್ ೧೭, ಭಾನುವಾರ ಎಂದು ಗೊತ್ತಾಗಿದೆ. ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ.

ಆದಿರಾಜ


ತೀರ್ಥಹಳ್ಳಿ
೫ ಆಗಸ್ಟ್ ೨೦೨೪

ಅಣ್ಣ,

ಚಿತ್ರ ಬಂತು. ನಾಲ್ಕು ಮಡಿಕೆ ಆಗಿತ್ತು, ಬೆಳ್ಳಕ್ಕಿಯ ಕತ್ತಿನ ಮೇಲೆ ಸರಿಯಾಗಿ. ಒಂದು ಮಾತಿಲ್ಲ. ಬ್ಯಾಂಕಿನವರು ಅರ್ಜಿ ವಾಪಸ್ ಕಳಿಸುವಾಗಲೂ ಒಂದು ಕಾರಣ ಬರೆಯುತ್ತಾರೆ.

ನಿನಗೆ ಇದು ಮಕ್ಕಳಾಟ. ಸರಿ. ಆದರೆ ಅದನ್ನು ನನಗೆ ಕಲಿಸಿದ್ದು ಯಾರು? ಹಿಂದಿ ಬಾರದ ನನಗೆ ಕ್ಯಾಪ್ಟನ್ ಏನಂದ, ಅಡುಗೆಯವಳು ಏನಂದಳು ಎಂದು ಹೇಳುತ್ತಿದ್ದವನು ಯಾರು? ಹಾಳೆಯಲ್ಲಿ ಬೆಳ್ಳಕ್ಕಿ ಮಡಚಿಕೊಟ್ಟವನು ಯಾರು? ಪ್ರಪಂಚದಲ್ಲಿ ಆ ಎರಡನೆಯ ಹಡಗನ್ನು ನೋಡಿದವರು ನಾವಿಬ್ಬರೇ. ನೀನು ನವೆಂಬರಿನಲ್ಲಿ ಹೆಸರೂ ಬಿಟ್ಟು ಎದ್ದರೆ ಆಮೇಲೆ ಅದನ್ನು ನೋಡಿದವಳು ನಾನೊಬ್ಬಳು. ಒಬ್ಬಳೇ ನೋಡಿದ್ದಕ್ಕೆ ಜನ ಏನೆನ್ನುತ್ತಾರೆ ಗೊತ್ತಲ್ಲ.

ನೇರವಾಗಿ ಬರೆಯುತ್ತೇನೆ. ನೀನು ಆ ಎರಡು ಸಾಲು ಬರೆದು ಕಳಿಸು. ಅದು ಬಂದ ದಿನ ನಾನು ನನ್ನ ಒಪ್ಪಿಗೆ ಬರೆಯುತ್ತೇನೆ. ಬರದಿದ್ದರೆ ಇಲ್ಲ. ನಿನ್ನ ಗುರುಗಳಿಗೆ ಹಾಗೆಂದೇ ಹೇಳು.

ಜ್ವಾಲಾಮಾಲಿನಿ


ಸಾಗರ
೧೮ ಸೆಪ್ಟೆಂಬರ್ ೨೦೨೪

ತಂಗಿ ಜ್ವಾಲಾಗೆ,

ಆರು ವಾರ ಬರೆಯಲಿಲ್ಲ. ದಶಲಕ್ಷಣ ಪರ್ವ ನಿನ್ನೆ ಮುಗಿಯಿತು. ಇಂದು ಕ್ಷಮಾವಣಿ. ಊರಿನವರೆಲ್ಲ ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಿಕೊಂಡು ಮನೆಗೆ ಹೋದರು. ನನ್ನದು ತಿಳಿದೇ ಮಾಡಿದ್ದು. ಅದನ್ನು ನಿನಗೇ ಹೇಳಬೇಕು.

ಎರಡನೆಯ ಹಡಗು ಕಾರ್ಟೂನಿನಲ್ಲಿ ಇರಲಿಲ್ಲ.

ಮೊದಲ ಕಂತು ಬಂದ ದಿನ ಕೊನೆಯಲ್ಲಿ ಬೆಳ್ಳಕ್ಕಿ ಒಂದೇ ಕತ್ತಲೆಯೊಳಕ್ಕೆ ಹೋಯಿತು. ನೀನು ಅಳಲು ಶುರುಮಾಡಿದೆ. ಅದು ಒಂದೇ ಹೋಗ್ತಿದೆ ಎಂದು ಮಧ್ಯಾಹ್ನದವರೆಗೂ ಅತ್ತೆ, ಊಟ ಮಾಡಲಿಲ್ಲ. ಮುಂದಿನ ಭಾನುವಾರ ಚಿತ್ರ ಸರಿಯಿಲ್ಲವೆಂದು ಅಪ್ಪ ನನ್ನನ್ನು ಹೊರಗೆ ಆಂಟೆನಾ ತಿರುಗಿಸಲು ಕಳಿಸಿದರು. ಕಂಬವನ್ನು ಪೂರ್ವದ ಗುಡ್ಡದ ಕಡೆ ಸ್ವಲ್ಪ ತಿರುಗಿಸಿದೆ. ಒಳಗಿನಿಂದ ನಿನ್ನ ಕೂಗು ಕೇಳಿತು. "ಅಣ್ಣ, ಇನ್ನೊಂದು ಬಂತು. ಜೊತೆಗೆ ಇನ್ನೊಂದು ಬಂತು." ಕಿಟಕಿಯಿಂದ ಇಣುಕಿದೆ. ಪ್ರತಿಯೊಂದು ಆಕಾರದ ಬಲಕ್ಕೂ ಒಂದು ನೆರಳು ಬಿದ್ದಿತ್ತು. ಮನುಷ್ಯರಿಗೂ ಬಿದ್ದಿತ್ತು, ಅಕ್ಷರಗಳಿಗೂ ಬಿದ್ದಿತ್ತು. ನೀನು ಹಡಗನ್ನು ಮಾತ್ರ ನೋಡುತ್ತಿದ್ದೆ. ನಗುತ್ತಿದ್ದೆ.

ಅಪ್ಪ ಕಂಬವನ್ನು ತಂತಿಯಿಂದ ಬಿಗಿದಿದ್ದರು. ಕೈಬಿಟ್ಟರೆ ಅದು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಹಾಗಾಗಿ ಅಂದಿನಿಂದ ಪ್ರತಿ ಭಾನುವಾರ ನಾನು ಹೊರಗೆ ನಿಂತು ಕಂಬ ಹಿಡಿದುಕೊಳ್ಳುತ್ತಿದ್ದೆ. ಮುಗಿಯುವ ಹಾಡು ಶುರುವಾದಾಗ ಬಿಟ್ಟು ಓಡಿಬಂದು ನಿನ್ನ ಪಕ್ಕ ಕೂರುತ್ತಿದ್ದೆ. ನಾನು ನಿನ್ನ ಪಕ್ಕ ಕೂತು ನೋಡಿದೆ ಎಂದು ನೀನು ಬರೆದಿದ್ದೀಯ. ಕೂತಿರಲಿಲ್ಲ. ಕ್ಯಾಪ್ಟನ್ ಏನಂದ ಎಂದು ಹೇಳುತ್ತಿದ್ದೆನಲ್ಲ, ಅದನ್ನು ಕಿಟಕಿಯಿಂದ ಬರುತ್ತಿದ್ದ ಸದ್ದು ಕೇಳಿ ನಾನೇ ಕಟ್ಟುತ್ತಿದ್ದೆ. ನನಗೂ ಹಿಂದಿ ಬರುತ್ತಿರಲಿಲ್ಲ.

ಇಷ್ಟು ವರ್ಷ ಹೇಳದೇ ಇದ್ದದ್ದು ಮೋಸ. ಅದಕ್ಕಿಂತ ದೊಡ್ಡದು, ನಿನ್ನ ಜೂನ್ ತಿಂಗಳ ಕಾಗದ ಓದಿದಾಗಲೇ ಹೇಳಬಹುದಾಗಿತ್ತು. ವ್ರತವನ್ನು ಮುಂದೆ ಹಿಡಿದು ತಪ್ಪಿಸಿಕೊಂಡೆ. ಅನುಮತಿ ಕೊಡಬಾರದು ಎಂಬುದು ನಿಜ. ಸತ್ಯ ಹೇಳಬಾರದು ಎಂದು ಎಲ್ಲೂ ಇಲ್ಲ. ನೀನು ಬರೆದದ್ದು ಸರಿ.

ಚಿತ್ರ ಹಿಂದಿರುಗಿಸಿದ್ದು ಇಟ್ಟುಕೊಳ್ಳುವ ಹಕ್ಕಿಲ್ಲದ್ದರಿಂದ. ಮಡಚಿದ್ದು ಯಮುನಮ್ಮನ ಮನೆಯವರು, ಲಕೋಟೆ ಚಿಕ್ಕದಿತ್ತಂತೆ.

ಉತ್ತಮ ಕ್ಷಮಾ.

ಆದಿರಾಜ


ತೀರ್ಥಹಳ್ಳಿ
೯ ಅಕ್ಟೋಬರ್ ೨೦೨೪

ಅಣ್ಣ,

ನಿನ್ನ ಕಾಗದ ಬಂದ ಮೇಲೆ ಹತ್ತು ದಿನ ಫೈಲ್ ತೆಗೆಯಲಿಲ್ಲ. ಲಗ್ನಪತ್ರಿಕೆ ಮಾಡಿದೆ, ದಸರಾ ಪೆಂಡಾಲಿನ ಬ್ಯಾನರುಗಳ ಅಳತೆ ಸರಿಮಾಡಿದೆ. ಶಿಲ್ಪಶ್ರೀ ಕೇಳಿಯೇಬಿಟ್ಟಳು, "ಎಂತ ಆಯ್ತಕ್ಕ, ನಿಮ್ಮ ವಿಮಾನ ಹಾಳಾಯ್ತಾ?"

ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎರಡು ವರ್ಷ ವಿದೇಶದವರ ಜೊತೆ ಜಗಳ ಆಡಿದ್ದೇನೆ. ನಿಮ್ಮ ಪ್ರತಿಯೇ ಅಪೂರ್ಣ ಎಂದು ಆ ನಕ್ಷೆಗಾರರಿಗೇ ಬರೆದಿದ್ದೇನೆ. ಆಂಟೆನಾ ಸರಿ ಇದ್ದ ಮನೆಯವರಿಗೆ ಯಾರಿಗೂ ಈ ಗತಿ ಬರುತ್ತಿರಲಿಲ್ಲ.

ಆಮೇಲೆ ಒಂದು ಯೋಚನೆ ಬಂತು. ನೀನು ಹೇಳಿದ್ದು ನಿಜವಾ ಎಂದು ನೋಡಬೇಕು. ನಿನ್ನ ಮೇಲೆ ಅಪನಂಬಿಕೆ ಅಲ್ಲ. ನನಗೆ ಎಲ್ಲದಕ್ಕೂ ಆಧಾರ ಬೇಕು, ಅಭ್ಯಾಸ ಹಾಗಾಗಿದೆ. ಹೊಸನಗರದಲ್ಲಿ ಗುತ್ಯಪ್ಪ ಎಂದು ಹಳೆಯ ಟೀವಿ ರಿಪೇರಿಯವರಿದ್ದಾರೆ. ಆ ಕಾಲದಲ್ಲಿ ಸುತ್ತಲ ಹಳ್ಳಿಗಳ ಆಂಟೆನಾಗಳಿಗೆಲ್ಲ ಅವರೇ ಡಾಕ್ಟರು. ಈಗ ಅಂಗಡಿಯಲ್ಲಿ ಮಿಕ್ಸಿ ರಿಪೇರಿ. ಕಳೆದ ಭಾನುವಾರ ಸನ್ಮತಿಯವರ ಜೊತೆ ಹೋಗಿ, ಆ ನಾಲ್ಕು ಮಡಿಕೆಯ ಚಿತ್ರವನ್ನೇ ಅವರ ಮುಂದೆ ಹರಡಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿ, ಸ್ವಲ್ಪವೂ ಆಶ್ಚರ್ಯಪಡದೆ ಹೇಳಿದರು. "ಇದು ದೆವ್ವ ಅಲ್ವೇನಮ್ಮ? ನಾವು ಹಾಗೇ ಅಂತಿದ್ವಿ. ಟೀವಿ ಟವರಿಂದ ಅಲೆ ಒಂದು ಸೀದಾ ಬರ್ತದೆ, ಇನ್ನೊಂದು ಗುಡ್ಡಕ್ಕೆ ಹೊಡ್ದು ಸುತ್ತಿ ಬರ್ತದೆ. ಸುತ್ತಿ ಬಂದಿದ್ದು ಲೇಟು. ಲೇಟಾದ್ದು ಬಲಕ್ಕೆ ಬೀಳ್ತದೆ." ಆಮೇಲೆ ನನ್ನನ್ನು ನೋಡಿ, "ಅದನ್ನ ಓಡ್ಸೋಕೆ ನಾನು ಎಷ್ಟು ಮರ ಹತ್ತಿದೀನಿ. ನೀವು ಕೂತು ಬಿಡಿಸಿದೀರಲ್ಲ" ಎಂದರು.

ಹಡಗಿನಿಂದ ಹಡಗಿಗೆ ಟೀವಿಯಲ್ಲಿ ಎಷ್ಟು ದೂರವಿತ್ತು ಎಂದು ಕೇಳಿದರು. ನನ್ನ ಎರಡು ಬೆರಳಿನಷ್ಟು, ಈಗಿನ ಲೆಕ್ಕದಲ್ಲಿ ಮೂರು ಸೆಂಟಿಮೀಟರ್ ಇರಬಹುದು ಎಂದೆ. ಮಿಕ್ಸಿಯ ಡಬ್ಬದ ಮೇಲೆ ಲೆಕ್ಕ ಮಾಡಿದರು. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಓಡಲು ಐವತ್ತೆರಡು ಮೈಕ್ರೋಸೆಕೆಂಡ್. ಅಷ್ಟರಲ್ಲಿ ಅಲೆ ಹದಿನೈದೂವರೆ ಕಿಲೋಮೀಟರ್ ಹೋಗುತ್ತದೆ. ಮೂರು ಸೆಂಟಿಮೀಟರಿಗೆ ಹೆಚ್ಚೂಕಡಿಮೆ ಒಂದೂಮುಕ್ಕಾಲು ಕಿಲೋಮೀಟರ್. ಹೋಗಿ ಬರುವ ದಾರಿಯಾದ್ದರಿಂದ ಅದರ ಅರ್ಧ. "ನಿಮ್ಮನೆಯಿಂದ ಮುಕ್ಕಾಲು, ಒಂದು ಕಿಲೋಮೀಟರ್ ಒಳಗೆ ಒಂದು ಬೋಳುಗುಡ್ಡ ಇರ್ಬೇಕು, ನೋಡಿ" ಎಂದರು.

ಹೋದೆವು. ಕ್ವಾರ್ಟರ್ಸ್ ಇದ್ದಲ್ಲಿ ಈಗ ಪಂಚಾಯ್ತಿಯ ನೀರಿನ ಟ್ಯಾಂಕು. ಅಲ್ಲಿಂದ ಪೂರ್ವಕ್ಕೆ ಗುಡ್ಡ ಇದೆ ಅಣ್ಣ, ಒಂದು ಮಗ್ಗುಲು ಪೂರ್ತಿ ಬರಿಯ ಬಂಡೆ. ಫೋನಿನಲ್ಲಿ ಅಳೆದೆ. ಎಂಟುನೂರ ಅರವತ್ತು ಮೀಟರ್. ಏಳು ವರ್ಷದ ಹುಡುಗಿ ಎರಡು ಬೆರಳಲ್ಲಿ ಅಳೆದು ನೆನಪಿಟ್ಟಿದ್ದು ಅಷ್ಟು ಸರಿಯಾಗಿತ್ತು. ಮಳೆ ಬಿಟ್ಟು ಬಂಡೆಯಿಂದ ಆವಿ ಏಳುತ್ತಿತ್ತು, ಗುಡ್ಡವೇ ನೆಲದಿಂದ ಸ್ವಲ್ಪ ಮೇಲೆ ತೇಲುತ್ತಿರುವ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ. ಸನ್ಮತಿಯವರು ಕಾರಿನಲ್ಲಿ ನಿದ್ದೆ ಹೋಗಿದ್ದರು.

ನಿನ್ನೆ ನಕ್ಷೆಗಾರರಿಗೆ ಎಲ್ಲವನ್ನೂ ಬರೆದೆ. ಎರಡನೆಯ ಹಡಗನ್ನು ತೆಗೆದು ಒಂದನ್ನೇ ಕಳಿಸಿದೆ. ನನ್ನ ಬಳಿ ಇದ್ದದ್ದು ಸಾಕ್ಷಿಯಲ್ಲ, ಗುಡ್ಡ ಎಂದು ಬರೆದೆ. ಇವತ್ತು ಉತ್ತರ ಬಂತು. ಬೆಳ್ಳಕ್ಕಿಯನ್ನು ಸ್ವೀಕರಿಸಿದ್ದಾರೆ. ಕಂಬ ಹಿಡಿದ ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದ್ದಾರೆ. ನಡೆಯುತ್ತಿದ್ದಾನೆ ಎಂದು ಬರೆದೆ.

ಯಮುನಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದರು. ಆ ಚಿತ್ರ ಬಂದ ದಿನ ನೀನು ಅದನ್ನು ಗೋಡೆಗೆ ಒರಗಿಸಿ, ಸಾಮಾಯಿಕದ ಧ್ಯಾನಕ್ಕೆ ಕರೆಯುವವರೆಗೂ ಎದುರಿಗೆ ಕೂತಿದ್ದೆಯಂತೆ. ಅದನ್ನು ನೀನು ಬರೆಯಲಿಲ್ಲ.

ಒಪ್ಪಿಗೆಯ ವಿಷಯ ಕೇಳಬೇಡ. ಬರೆಯಲು ಕೂತರೆ ಕೈ ಓಡುತ್ತಿಲ್ಲ.

ಜ್ವಾಲಾ


ಸಾಗರ
೨೪ ಅಕ್ಟೋಬರ್ ೨೦೨೪

ತಂಗಿಗೆ, ಜಯ ಜಿನೇಂದ್ರ.

ಲೆಕ್ಕ ಸರಿಯಿದೆ. ಪವರ್ ಹೌಸಿನಲ್ಲಿ ಇಪ್ಪತ್ತು ವರ್ಷ ತಂತಿಯ ನಡುವೆಯೇ ಇದ್ದು ಆ ಗುಡ್ಡವನ್ನು ಅಳೆಯಬೇಕೆಂದು ನನಗೆ ಹೊಳೆದಿರಲಿಲ್ಲ.

ನೀನು ಆಗಸ್ಟಿನಲ್ಲಿ ಬರೆದ ಷರತ್ತನ್ನು ಗುರುಗಳಿಗೆ ತಿಳಿಸಿದ್ದೆ. ಅವರು ನಗಲಿಲ್ಲ. "ಅವರು ಹೇಳೋವರೆಗೂ ಕಾಯೋಣ" ಎಂದರು. ನೀನು ಒಪ್ಪದಿದ್ದರೆ ೧೭ನೇ ತಾರೀಖು ದೀಕ್ಷೆ ಇಲ್ಲ. ಈಗಿರುವಂತೆಯೇ ಇದ್ದುಬಿಡುತ್ತೇನೆ. ಅದಕ್ಕಾಗಿ ನಿನ್ನ ಮೇಲೆ ಬೇಸರ ಮಾಡಿಕೊಳ್ಳುವುದಿಲ್ಲ. ಹೌದು ಎನ್ನಲು ನಿನಗೆ ಎಷ್ಟು ಹಕ್ಕಿದೆಯೋ ಇಲ್ಲ ಎನ್ನಲೂ ಅಷ್ಟೇ ಇದೆ. ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು.

ಚಿತ್ರದ ಎದುರು ಕೂತದ್ದು ನಿಜ. ಆ ಮೊದಲ ಕಂತಿನ ಮೇಲೆ ಹಡಗನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

ಒಂದು ಮಾತು ಕೇಳಬಹುದೆ? ಕೇಳಬಾರದೇನೋ, ಆದರೂ ಇದನ್ನು ಒಳಗಿಟ್ಟುಕೊಂಡು ದೀಕ್ಷೆಗೆ ಕೂರುವುದಕ್ಕಿಂತ ಕೇಳುವುದು ಒಳ್ಳೆಯದು. ಕೊನೆಯ ಕಂತಿನ ದಿನ ಗಾಳಿ ಜೋರಾಗಿತ್ತು. ಕಂಬವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಕಿಟಕಿಯ ಸದ್ದೂ ಕೇಳಲಿಲ್ಲ. ಒಳಗೆ ಬಂದಾಗ ಮುಗಿದಿತ್ತು. ನೀನು ಅಳುತ್ತಿದ್ದೆ. ಕೇಳಿದರೆ ಹೇಳಲಿಲ್ಲ. ಹಡಗಿನವರು ಕೊನೆಗೂ ನೆಲ ಮುಟ್ಟಿದರೇ?

ಆದಿರಾಜ


ತೀರ್ಥಹಳ್ಳಿ
೮ ನವೆಂಬರ್ ೨೦೨೪

ಅಣ್ಣ,

ಮುಟ್ಟಿದರು.

ನಿನಗೆ ಹೇಳಲು ನನ್ನ ನೆನಪನ್ನು ನಂಬಲಿಲ್ಲ, ಅದರ ಗತಿ ನಮಗೆ ಗೊತ್ತೇ ಇದೆ. ಸಂಗ್ರಹದವರನ್ನು ಕೇಳಿ ಕೊನೆಯ ಕಂತು ತರಿಸಿದೆ. ಮೊನ್ನೆ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಎರಡು ಸಲ ನೋಡಿದೆ. ಇಪ್ಪತ್ತೆರಡು ನಿಮಿಷ ಇದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಶುರುವಿನಲ್ಲಿ ಒಂದು ಬೂದು ಬಣ್ಣದ ಗ್ರಹ, ಅರ್ಧ ಸಮುದ್ರ. ಆಕಾಶ ಮಾತ್ರ ಹಳದಿ. ಅದೆಲ್ಲ ಬಣ್ಣದಲ್ಲಿತ್ತು ಎಂದು ನಮಗೆ ಗೊತ್ತೇ ಇರಲಿಲ್ಲ, ಅಲ್ಲವಾ? ಬೆಳ್ಳಕ್ಕಿ ಬಿಳಿಯೂ ಅಲ್ಲ, ತೀರ ತೆಳು ಹಸಿರು, ಬಾಳೆಯ ಸುಳಿಯ ಹಾಗೆ. ಅದರ ಯಂತ್ರವನ್ನು ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ, ನಿಲ್ಲಿಸದೆ ನೆಲ ಮುಟ್ಟುವಂತಿಲ್ಲ. ಹಾಗಾಗಿ ಕ್ಯಾಪ್ಟನ್ ಹಡಗನ್ನು ಬಹಳ ನಿಧಾನ ಮಾಡುತ್ತಾನೆ. ಮರಳಿನ ಮೇಲೆ ಒಂದು ಆಳು ಎತ್ತರದಲ್ಲಿ ಅದು ತೇಲಿಕೊಂಡು ಹೋಗುತ್ತಿರುತ್ತದೆ. ಏಳು ಜನ ಒಬ್ಬೊಬ್ಬರಾಗಿ ಜಿಗಿಯುತ್ತಾರೆ. ಅಡುಗೆಯವಳು ಜಿಗಿಯುವಾಗ ಒಂದು ಪಾತ್ರೆ ಹಿಡಿದಿರುತ್ತಾಳೆ, ಕೊನೆ ಗಳಿಗೆಯಲ್ಲಿ ಅದನ್ನು ಒಳಗೇ ಬಿಡುತ್ತಾಳೆ. ಕ್ಯಾಪ್ಟನ್ ಎಲ್ಲರಿಗಿಂತ ಹಿಂದೆ. ಅವನ ಟೋಪಿ ಹಡಗಿನಲ್ಲೇ ಉಳಿಯುತ್ತದೆ.

ಆಮೇಲೆ ಬೆಳ್ಳಕ್ಕಿ ಸ್ವಲ್ಪ ಸ್ವಲ್ಪವೇ ಮೇಲೇರಿ ಹೋಗುತ್ತದೆ. ಬಹಳ ಹೊತ್ತು ತೋರಿಸುತ್ತಾರೆ, ಸಂಗೀತ ಇಲ್ಲ, ಗಾಳಿಯ ಸದ್ದು ಅಷ್ಟೇ. ನಾನು ಅತ್ತಿದ್ದು ಇಲ್ಲಿಗೆ. ಅದು ಮತ್ತೆ ಒಂದೇ ಹೋಯಿತು ಎಂದು. ನೀನು ಗಾಳಿಗೆ ಕಂಬ ಹಿಡಿದು ಒದ್ದಾಡಿದ್ದರೂ ಆ ದಿನ ಎರಡನೆಯದು ಸರಿಯಾಗಿ ಕಂಡಿರಲಿಲ್ಲ.

ಈ ಸಲ ಹಡಗಿನ ಒಳಗೆ ಯಾರಿದ್ದಾರೆ ಎಂದು ನೋಡಿದೆ. ಯಾರೂ ಇಲ್ಲ ಅಣ್ಣ. ಒಂದು ಪಾತ್ರೆ, ಒಂದು ಟೋಪಿ. ನಾನು ಯಾರಿಗಾಗಿ ಅತ್ತೆನೋ ಅವರೆಲ್ಲ ಕೆಳಗೆ ಮರಳಿನಲ್ಲಿ ಇದ್ದರು. ಅವರು ಅಳುತ್ತಿರಲಿಲ್ಲ. ಒಬ್ಬ ಬೂಟು ಬಿಚ್ಚಿ ಮರಳು ಸುರಿಯುತ್ತಿದ್ದ. ಅಡುಗೆಯವಳು ಬರಿಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ನಗುತ್ತಿದ್ದಳು. ಆಮೇಲೆ ಎಲ್ಲರೂ ನೀರು ಹುಡುಕಿಕೊಂಡು ನಡೆಯತೊಡಗಿದರು. ಕಥೆ ಅಲ್ಲಿಗೆ ಮುಗಿಯುತ್ತದೆ. ಏಳು ವರ್ಷದವಳು ಆ ಕೊನೆಯ ಅರ್ಧ ನಿಮಿಷ ನೋಡಿಯೇ ಇರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ ಎಂದು ಕಾಣುತ್ತದೆ.

ಇಷ್ಟೇ. ಇನ್ನೇನೂ ನಿನಗೆ ತಪ್ಪಿಹೋಗಿಲ್ಲ.

ಷರತ್ತು ಹಾಕಿದ್ದು ನನ್ನ ತಪ್ಪು. ಹಡಗಿನ ಸಾಕ್ಷಿಯನ್ನು ನೆವ ಮಾಡಿಕೊಂಡು ನಿನ್ನ ದೀಕ್ಷೆಯನ್ನು ನವೆಂಬರಿನಾಚೆಗೆ ತಳ್ಳಬೇಕು ಎಂದಿದ್ದೆ. ಅದನ್ನು ನನಗೇ ನಾನು ಹೇಳಿಕೊಂಡಿರಲಿಲ್ಲ. ಕ್ಷಮಿಸು.

೧೭ರಂದು ಮೂವರೂ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಆಮೇಲೆ ನಿನಗೆ ನಮಸ್ಕಾರ ಮಾಡಬೇಕು, ಹೊಸ ಹೆಸರಿನಿಂದ ಕರೆಯಬೇಕು ಎಂದು ಶ್ರಾವ್ಯಾಳಿಗೆ ಹೇಳಿಕೊಟ್ಟಿದ್ದೇನೆ. "ಮಾಮ ಅಂದ್ರೆ ಏನಾಗ್ತದೆ?" ಎಂದಳು. ಏನೂ ಆಗುವುದಿಲ್ಲ, ಅವರು ತಿರುಗಿ ನೋಡುವುದಿಲ್ಲ ಅಷ್ಟೇ ಎಂದೆ.

ಸಭೆಯಲ್ಲಿ ಕೇಳಿದಾಗ ನಾನು ಎದ್ದು ನಿಂತು ಹೇಳಬೇಕು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೇಳಿ ನೋಡಿಕೊಂಡಿದ್ದೇನೆ, ಸರಿಯಾಗಿಯೇ ಬರುತ್ತದೆ. ಆದರೂ ಅಷ್ಟು ಜನರ ಮುಂದೆ ಧ್ವನಿ ಏಳದೇ ಹೋದರೆ ಕೆಲಸ ನಿಲ್ಲಬಾರದು. ಕೆಳಗಿನ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಗುರುಗಳ ಕೈಗೆ ಕೊಟ್ಟಿರು. ನಾನು ಸುಮ್ಮನೆ ನಿಂತುಬಿಟ್ಟರೆ ಯಾರಿಂದಲಾದರೂ ಓದಿಸಲಿ.

'ನನ್ನ ಅಣ್ಣ ಆದಿರಾಜನ ದೀಕ್ಷೆಗೆ, ನಮ್ಮ ಮನೆಯ ಪರವಾಗಿ, ನನ್ನ ಪೂರ್ಣ ಒಪ್ಪಿಗೆ ಇದೆ.'

ಜ್ವಾಲಾಮಾಲಿನಿ